ಮಡ್ಡಿಯ ಒಂದೆಲೆ ನೆಲಸೀತಾಳೆ: ಗುಂಡಿ ತೋಡೂದಕ್ಕಿಂತ ಮೊದಲ ಕಿತ್ತು ಬ್ಯಾರೆ ಕಡೆ ಹಚ್ಚಬಹುದೇನ್ರಿ?

ಗರಸು_ನೆಲ (ಪ್ರಶ್ನೆ):

ಎಲ್ಲಾರಿಗೂ ನಮಸ್ಕಾರ್ರಿ. ಕಲಘಟಗಿ ಕಡೆಯ ಒಂದು ಗಾಯರಾಣದ (ಊರ ದನಾ ಮೇಯೂ ನೆಲ) ವಿಷಯ ಇದು. ಸುಮಾರು ಆರು ಎಕರೆ ಮಡ್ಡಿ, ಎಂದೂ ನೇಗಿಲ ಹೊಡೆದ ನೆಲ ಅಲ್ಲ. ಕೆಂಪು ಗರಸು, ಅಲ್ಲಲ್ಲಿ ಜಂಬಿಟ್ಟಿಗಿ ಕಲ್ಲು ಮ್ಯಾಲೆ ಕಾಣ್ತಾವ, ಪಶ್ಚಿಮಕ್ಕ ಸಣ್ಣ ಇಳಿಜಾರು, ಕೆಳಗ ಹಳ್ಳ.

ಮಿರಗದ ಮಳಿ ಬಿದ್ದು ಎರಡು ವಾರಕ್ಕ ಹುಲ್ಲಿನ ನಡುವ ಒಂದೊಂದ ಎಲಿ ಎದ್ದಾವ. ಹೃದಯದ ಆಕಾರ, ದಪ್ಪ, ನೆಲಕ್ಕ ಅಂಟಿಸಿಟ್ಟಂಗ. ಅಗಲ ಮೂರರಿಂದ ಐದು ಸೆಂ.ಮೀ. ಈಗ ಪುನರ್ವಸು ಮಳಿಯೊಳಗ ಎಲಿ ಬುಡದಿಂದ ಒಂದು ಗೇಣಿಗಿಂತ ಗಿಡ್ಡ ದಂಟು ಬಂದು, ಒಂದೋ ಎರಡೋ ಬಿಳಿ ಹೂ ಆಗ್ಯಾವ. ಹೂವಿನ ಹಿಂದ ಬಾಲದಂಗ ಉದ್ದನ್ನ ಕೊಳವೆ. ನಲವತ್ತೊಂದು ಗಿಡ ಎಣಿಸಿದ್ದು, ಅದರಾಗ ಹೂವಾಗಿದ್ದು ಒಂಬತ್ತ. ನಾಲ್ಕು ಗಿಡಕ್ಕ ಎರಡೆರಡು ಎಲಿ ಅದಾವ, ಅವಕ್ಕ ಹೂ ಇಲ್ಲ.

ಈ ಜಾಗಾದಾಗ ಸಸಿ ಹಚ್ಚಾಕ ಮೂರು ಮೀಟರಿಗೊಂದರಂಗ ಸುಣ್ಣದ ಗುರುತು ಹಾಕ್ಯಾರ. ಗುಂಡಿ ಒಂದೂವರೆ ಫೂಟ ಉದ್ದ, ಅಗಲ, ಆಳ. ಹಚ್ಚೂದು ಅಕೇಶಿಯಾ. ಗಿಡ ಬಂದಿದ್ದು ಮೇಲಿನ ಒಂದು ಎಕರೆಯೊಳಗ ಮಾತ್ರ.

ಕೇಳೂದು ಇಷ್ಟ: ಇದು ಯಾವ ಜಾತಿ? ಗುಂಡಿ ತೋಡೂದಕ್ಕಿಂತ ಮೊದಲ ಕಿತ್ತು ಕುಂಡದಾಗ ಇಲ್ಲಾ ಬ್ಯಾರೆ ಮಡ್ಡಿಗೆ ಹಚ್ಚಿದ್ರ ಬದುಕ್ತಾವೇನು? ದನಾ ಮೇಯಿಸೂದು ಪೂರ್ತಿ ಬಂದ್ ಮಾಡಬೇಕೇನು?

—

ಎಲೆ_ದಂಟು_ಹೂ:

ನೀವು ಹೇಳಿದ ಲಕ್ಷಣಗಳೆಲ್ಲ ಹಬೆನೇರಿಯಾ ಗ್ರ್ಯಾಂಡಿಫ್ಲೋರಿಫಾರ್ಮಿಸ್ ಕಡೆ ಬೊಟ್ಟು ಮಾಡುತ್ತವೆ. ದಖ್ಖನ್ನಿನ ಮತ್ತು ಸಹ್ಯಾದ್ರಿ ಸೆರಗಿನ ಹುಲ್ಲುನೆಲದ ಗಿಡ. ಮುಂಗಾರಿನ ಮೊದಲ ಪಾಳಿಯಲ್ಲೇ ಹೂ ಬಿಡುವ ನೆಲಸೀತಾಳೆಗಳಲ್ಲಿ (ನೆಲದಲ್ಲಿ ಬೆಳೆಯುವ ಆರ್ಕಿಡ್‌ಗಳಲ್ಲಿ) ಇದೂ ಒಂದು. ಖಚಿತಪಡಿಸಿಕೊಳ್ಳಲು ಹೂವನ್ನು ಎದುರಿನಿಂದ ನೋಡಿ: ಕೆಳಗಿನ ತುಟಿ ಮೂರು ಸೀಳಾಗಿರಬೇಕು. ಅಕ್ಕಪಕ್ಕದ ಎರಡು ಸೀಳು ಬೀಸಣಿಗೆ ಬಿಚ್ಚಿದ ಹಾಗೆ ಅಗಲ, ನಡುವಿನದು ಸಣ್ಣ ಪಟ್ಟಿ. ಕೊಳವೆ ಹೂವಿನ ತೊಟ್ಟಿನಂತೆ ಕಾಣುವ ಭಾಗಕ್ಕಿಂತ ಉದ್ದ ಇರುತ್ತದೆ. ತೊಟ್ಟು ಅನ್ನುವುದೂ ನಿಜವಾಗಿ ತೊಟ್ಟಲ್ಲ, ಅದೇ ಅಂಡಾಶಯ. ಬೆರಳ ತುದಿಯಲ್ಲಿ ಮೆಲ್ಲಗೆ ಮುಟ್ಟಿದರೆ ಹಗ್ಗ ಹೊಸೆದಂತೆ ತಿರುಚಿಕೊಂಡಿದ್ದು ಗೊತ್ತಾಗುತ್ತದೆ. ಮೊಗ್ಗಿನಲ್ಲಿ ಮೇಲಿದ್ದ ತುಟಿ ಹೂ ಅರಳುವಷ್ಟರಲ್ಲಿ ಕೆಳಗೆ ಬರುವುದು ಈ ತಿರುಚಿನಿಂದ.

ಎರಡೆಲೆಯ ಆ ನಾಲ್ಕು ಗಿಡಗಳ ಬಗ್ಗೆ ಈಗಲೇ ತೀರ್ಮಾನ ಬೇಡ. ಗ್ರ್ಯಾಂಡಿಫ್ಲೋರಿಫಾರ್ಮಿಸ್‌ಗೇ ಅಪರೂಪಕ್ಕೆ ಎರಡನೇ ಎಲೆ ಬರುವುದುಂಟು. ಆದರೆ ಎರಡೆಲೆ ಎದುರುಬದುರಾಗಿ ನೆಲಕ್ಕೆ ಒತ್ತಿ ಕೂರುವ ಹಬೆನೇರಿಯಾ ಡಿಫಿಲ್ಲಾ ಎಂಬ ಬೇರೆ ಜಾತಿಯೂ ಇದೆ. ಅದರ ಹೂಗಳು ಚಿಕ್ಕವು, ಹಸಿರು ಮಿಶ್ರಿತ ಬಿಳಿ, ಒಂದೇ ದಂಟಿಗೆ ಹಲವು. ಹೂ ಬರುವ ತನಕ ಆ ನಾಲ್ಕನ್ನು ಬೇರೆ ಪಟ್ಟಿಯಲ್ಲಿಡಿ.

ಹೂವಿಲ್ಲದ ಒಂದೆಲೆ ಕಂಡಾಗ ಎಲ್ಲರೂ ಎಡವುವುದು ನರ್ವೀಲಿಯಾದಲ್ಲಿ. ಅದೂ ನೆಲಸೀತಾಳೆಯೇ, ಅದಕ್ಕೂ ಒಂದೇ ಎಲೆ. ಆದರೆ ಅದರ ಹೂ ಮೊದಲ ಮಳೆಗೇ ಬರಿ ದಂಟಿನ ಮೇಲೆ ಬಂದು ಮುಗಿದಿರುತ್ತದೆ, ಎಲೆ ಬರುವುದು ಆಮೇಲೆ. ಎಲೆಯ ನರಗಳು ಬುಡದ ಒಂದೇ ಬಿಂದುವಿನಿಂದ ಬೀಸಣಿಗೆಯ ಕಡ್ಡಿಗಳ ಹಾಗೆ ಹರಡುತ್ತವೆ, ಎಲೆ ಮಡಿಕೆ ಮಡಿಕೆಯಾಗಿರುತ್ತದೆ, ಅದಕ್ಕೆ ತೊಟ್ಟೂ ಇರುತ್ತದೆ. ನಿಮ್ಮ ಗಿಡದ್ದು ಮಡಿಕೆ ಇಲ್ಲದ ದಪ್ಪ ಎಲೆ, ತೊಟ್ಟಿಲ್ಲ. ಬುಡ ನೆಲದೊಳಕ್ಕೇ ಇಳಿದಂತಿರಬೇಕು, ನೋಡಿ.

ಮೂವತ್ತೆರಡಕ್ಕೆ ಹೂ ಇಲ್ಲ ಅಂತ ಗಾಬರಿಯಾಗಬೇಡಿ. ಗೆಡ್ಡೆಯಲ್ಲಿ ಸಾಕಷ್ಟು ಕೂಡಿಟ್ಟ ಆಹಾರ ಇದ್ದ ವರ್ಷ ಹೂ, ಇಲ್ಲದ ವರ್ಷ ಬರೀ ಎಲೆ. ಕೆಲವು ಗೆಡ್ಡೆಗಳು ಒಂದು ವರ್ಷ ಎಲೆಯನ್ನೂ ಎತ್ತದೆ ನೆಲದೊಳಗೇ ಉಳಿಯುತ್ತವೆ. ಹಾಗಾಗಿ ನೀವು ಎಣಿಸಿದ 41 ಈ ವರ್ಷ ಮೇಲೆ ಬಂದವುಗಳ ಲೆಕ್ಕ. ನೆಲದೊಳಗೆ ಇರುವುದು ಅದಕ್ಕಿಂತ ಜಾಸ್ತಿಯೇ ಇರುತ್ತದೆ. ಗುಂಡಿ ತೋಡುವವರು "ಗಿಡ ಇಲ್ಲದ ಕಡೆ ತೋಡ್ತೀವಿ" ಅಂದರೆ ಈ ಮಾತು ನೆನಪಿಸಿ.

—

ಬೇರು_ಬೂಷ್ಟು:

ಕಿತ್ತು ಹಚ್ಚುವ ವಿಚಾರಕ್ಕೆ ಬರುತ್ತೇನೆ. ಈಗ, ಹೂವಿನ ಹೊತ್ತಿನಲ್ಲಿ, ಖಂಡಿತ ಬೇಡ. ಯಾಕೆ ಅನ್ನುವುದು ಗೆಡ್ಡೆಯ ಲೆಕ್ಕ ಗೊತ್ತಾದರೆ ಸ್ಪಷ್ಟವಾಗುತ್ತದೆ.

ಹಬೆನೇರಿಯಾ ಗಿಡದ ಬುಡದಲ್ಲಿ ಈ ತಿಂಗಳು ಎರಡು ಗೆಡ್ಡೆ ಇರುತ್ತವೆ. ಒಂದು ಹೋದ ವರ್ಷದ್ದು: ಅದೇ ಈ ಎಲೆ, ಈ ದಂಟು, ಈ ಹೂವನ್ನು ಎತ್ತಿದ್ದು. ಅದು ಸುಕ್ಕಾಗುತ್ತ ಹೋಗುತ್ತದೆ. ಇನ್ನೊಂದು ಮುಂದಿನ ವರ್ಷದ್ದು: ಬಿಳಿ, ಗಟ್ಟಿ, ಇನ್ನೂ ತುಂಬುತ್ತಿರುವುದು. ಅದು ತುಂಬುವುದು ಎಲೆ ಹಸಿರಾಗಿರುವ ಎರಡು ಮೂರು ತಿಂಗಳಲ್ಲಿ ಮಾತ್ರ. ಈಗ ಕಿತ್ತರೆ ಹಳೆಯದು ಖಾಲಿ, ಹೊಸದು ಅರೆ. ಬೇರೂ ಬೆರಳೆಣಿಕೆಯಷ್ಟೇ, ದಪ್ಪ, ಮುರಿದರೆ ಆ ವರ್ಷ ಮತ್ತೆ ಹೊಡೆಯುವುದಿಲ್ಲ.

ಇನ್ನೊಂದು ತೊಡಕು ಕಣ್ಣಿಗೆ ಕಾಣದ್ದು. ಸೀತಾಳೆಯ ಬೀಜ ಧೂಳಿನಷ್ಟು ಸಣ್ಣದು, ಅದರಲ್ಲಿ ಮೊಳಕೆಗೆ ಬೇಕಾದ ಬುತ್ತಿ ಇಲ್ಲ. ಮಣ್ಣಿನ ಒಂದು ಬಗೆಯ ಶಿಲೀಂಧ್ರ ಬೀಜದೊಳಗೆ ಹೊಕ್ಕು ಉಣ್ಣಿಸಿದರೆ ಮಾತ್ರ ಮೊಳಕೆ. ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಇದನ್ನು ಕಂಡುಕೊಂಡ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆ, ಸಕ್ಕರೆ ಸೇರಿಸಿದ ಅಗಾರ್ (ಕಡಲಪಾಚಿಯಿಂದ ಮಾಡುವ ಲೋಳೆ) ಮೇಲೆ ಬೀಜ ಮೊಳೆಸಿ ತೋರಿಸಿದ. ಆದರೆ ಅದು ಬಾಟಲಿಯೊಳಗಿನ ಮಾತು. ಮಡ್ಡಿಯಲ್ಲಿ ಆ ಬೂಷ್ಟೇ ಬೇಕು, ಮತ್ತು ಬೆಳೆದ ಗಿಡದ ಬೇರಿನಲ್ಲೂ ಅದು ಇದ್ದೇ ಇರುತ್ತದೆ. ಕುಂಡಕ್ಕೆ ಹಾಕುವ ಕೆಂಪುಮಣ್ಣು, ತಿಪ್ಪೆ ಗೊಬ್ಬರ, ಕೊಕೊಪೀಟ್ ಇವುಗಳಲ್ಲಿ ಆ ಬೂಷ್ಟು ನಿಲ್ಲುವುದಿಲ್ಲ. ಗೊಬ್ಬರದ ಜೊತೆ ಕೊಳೆಸುವ ಬೇರೆ ಬೂಷ್ಟುಗಳು ಬಂದು ಗೆಡ್ಡೆಯನ್ನೇ ತಿನ್ನುತ್ತವೆ.

ಮೋಸ ಹೋಗುವುದು ಇಲ್ಲಿ: ಕಿತ್ತು ನೆಟ್ಟ ಗಿಡ ಮುಂದಿನ ಮುಂಗಾರಿಗೆ ಎಲೆ ಬಿಡಬಹುದು. "ಹತ್ತಿತು" ಅಂತ ಸಂತೋಷವಾಗುತ್ತದೆ. ಅದು ಗೆಡ್ಡೆಯಲ್ಲಿದ್ದ ಉಳಿತಾಯದ ಖರ್ಚು. ಎಲೆ ಸಣ್ಣದಾಗುತ್ತಾ ಹೋಗಿ ಎರಡನೆಯ ಅಥವಾ ಮೂರನೆಯ ವರ್ಷ ಕಾಣೆಯಾಗುತ್ತದೆ. ಒಂದೇ ವರ್ಷ ನೋಡಿ ಯಶಸ್ಸು ಅನ್ನಬಾರದು.

ಬೇರೆ ದಾರಿಯೇ ಇಲ್ಲ, ನೆಲ ಹೋಗುವುದು ಖಾತ್ರಿ ಅಂತಾದರೆ ಮಾತ್ರ ಹೀಗೆ ಮಾಡಬಹುದು. ಈಗ ಪ್ರತಿ ಗಿಡದ ಜಾಗ ಗುರುತು ಮಾಡಿಟ್ಟುಕೊಳ್ಳಿ. ಎಲೆ ಪೂರ್ತಿ ಒಣಗಿ, ಗೆಡ್ಡೆ ಮಲಗಿದ ಮೇಲೆ, ಅಂದರೆ ದೀಪಾವಳಿ ದಾಟಿ ಸಂಕ್ರಾಂತಿಯೊಳಗೆ, ಒಂದಡಿ ಉದ್ದ, ಒಂದಡಿ ಅಗಲ, ಮುಕ್ಕಾಲಡಿ ಆಳದ ಮಣ್ಣಿನ ಹೆಂಟೆಯನ್ನು ಹುಲ್ಲುಬುಡ ಸಮೇತ ಎತ್ತಿ. ಹಾರೆಯಿಂದ ಮೀಟಿದರೆ ಗರಸು ಪುಡಿಯಾಗುತ್ತದೆ. ನಾಲ್ಕು ಮಗ್ಗಲೂ ಸಲಿಕೆಯಿಂದ ಕೊಯ್ದು, ಅಡಿಗೆ ತಗಡು ತೂರಿಸಿ, ತಗಡಿನ ಮೇಲೇ ಸಾಗಿಸಿ. ಹಿಂದಿನ ದಿನ ಸ್ವಲ್ಪ ನೀರು ಚಿಮುಕಿಸಿದರೆ ಹೆಂಟೆ ಒಡೆಯುವುದಿಲ್ಲ. ಇಡುವ ಜಾಗವೂ ಉಳುಮೆ ಕಾಣದ ಅದೇ ಬಗೆಯ ಗರಸು, ಅದೇ ಇಳಿಜಾರು ಆಗಿರಬೇಕು. ಮೇಲ್ಮಟ್ಟ ಸುತ್ತಲಿನ ನೆಲಕ್ಕೆ ಸರಿಸಮ ಇರಲಿ: ತಗ್ಗಾದರೆ ನೀರು ನಿಂತು ಗೆಡ್ಡೆ ಕೊಳೆಯುತ್ತದೆ, ಉಬ್ಬಿದರೆ ಅಂಚು ಒಣಗುತ್ತದೆ. ಗೊಬ್ಬರ, ಶಿಲೀಂಧ್ರನಾಶಕ ಎರಡೂ ಮುಟ್ಟಿಸಬೇಡಿ. ಶಿಲೀಂಧ್ರನಾಶಕ ಹಾಕಿದರೆ ಗಿಡಕ್ಕೆ ಉಣ್ಣಿಸುವ ಕೈಯನ್ನೇ ಕಡಿದಂತೆ.

ಇಷ್ಟೆಲ್ಲ ಮಾಡಿದರೂ ಕೆಲವು ಉಳಿಯುತ್ತವೆ, ಹಲವು ಹೋಗುತ್ತವೆ. ಗುಂಡಿಯ ಗುರುತು ಬದಲಿಸುವುದೇ ಇದಕ್ಕಿಂತ ಸಾವಿರ ಪಾಲು ಸುಲಭ.

—

ಹಾವೇರಿ_ಬಯಲು:

ಗುಂಡಿ ಬಗ್ಗೆ ನಾನೂ ಒಂದೆರಡು ಹೇಳ್ತೀನ್ರಿ. ಒಂದೂವರೆ ಫೂಟಿನ ಗುಂಡಿ ಅಂದ್ರ ಅಷ್ಟ ಜಾಗಾ ಹಾಳಾಗೂದಲ್ಲ. ತೆಗೆದ ಮಣ್ಣು ಇಳಿಜಾರಿನ ಕೆಳಗಿನ ಮಗ್ಗಲಕ್ಕ ಬೀಳತೈತಿ, ಮಳಿಗೆ ಹರಡಿ ಎರಡು ಫೂಟ ತನಕ ಮುಚ್ಚತೈತಿ. ನೆಲಕ್ಕ ಅಂಟಿಕೊಂಡ ಎಲಿ ಮ್ಯಾಲೆ ಅರ್ಧ ಇಂಚು ಕೆಸರು ಕುಂತ್ರ ಸಾಕು, ಆ ವರ್ಷದ ಗೆಡ್ಡಿ ತುಂಬೂದಿಲ್ಲ. ಉದ್ದನ್ನ ಕಂದಕ ತೋಡಿದ್ರಂತೂ ಇನ್ನೂ ಕಷ್ಟ, ಮ್ಯಾಲಿನ ನೀರು ಅಲ್ಲೇ ತಡದು ಕೆಳಗಿನ ಗರಸು ಒಣಗತೈತಿ.

ಅದಕ್ಕಿಂತ ದೊಡ್ಡ ಪೆಟ್ಟು ಗಿಡ ದೊಡ್ಡದಾದ ಮ್ಯಾಲೆ. ಅಕೇಶಿಯಾ ನಾಕೈದು ವರ್ಷಕ್ಕ ನೆರಳ ಕಟ್ಟತೈತಿ. ಉದುರಿದ ಎಲಿ ತೊಗಲಿನಂಗ ದಪ್ಪ, ಬೇಗ ಕೊಳೆಯಂಗಿಲ್ಲ, ಹಾಸಿಗಿ ಹಾಸಿದಂಗ ಕೂತ ಬಿಡ್ತಾವ. ನೆಲಮಟ್ಟದಾಗ ಬಿಸಿಲು ಉಣ್ಣೂ ಒಂದೆಲಿ ಗಿಡಕ್ಕ ಅದರ ಕೆಳಗ ಜಾಗಾ ಎಲ್ಲೈತಿ? ಹುಲ್ಲಿನ ಬಯಲು ಅಂದ್ರ "ಖಾಲಿ ಬಿದ್ದ ಜಾಗಾ" ಅನ್ನೂ ಲೆಕ್ಕ ನಮ್ಮ ಕಡೆ ಬಾಳ ಹಳೇದು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ನೋಡ್ರಿ, 1974ರಾಗ ಆಗಿದ್ದು, 119 ಚದರ ಕಿಲೋಮೀಟರ್. ಬಯಲಿನ ಪ್ರಾಣಿಗೆ ಮೀಸಲಾದ ಜಾಗಾ, ಆದ್ರ ಬಾಳಷ್ಟು ಕಡೆ ನೀಲಗಿರಿ ತೋಪು. ಹುಲ್ಲಿಗೆ ಅದರದ ಒಂದು ಕಾಡಿನ ಲೆಕ್ಕ ಕೊಡಬೇಕ್ರಿ.

ಮಾತಾಡಾಕ ಹೋಗುವಾಗ "ಗಿಡ ಹಚ್ಚಬ್ಯಾಡ್ರಿ" ಅಂದ್ರ ಯಾರೂ ಕೇಳಂಗಿಲ್ಲ. "ಈ ಒಂದು ಎಕರೆ ಬಿಟ್ಟು ಹಳ್ಳದ ದಂಡಿಗೆ, ದಾರಿ ಮಗ್ಗಲಕ್ಕ ಹಚ್ಚರಿ, ಸಸಿ ಲೆಕ್ಕ ಅಷ್ಟ ಇರ್ಲಿ" ಅಂತ ನಕಾಶಿ ಹಿಡಕೊಂಡು ಹೋಗ್ರಿ. ಹಳ್ಳದ ದಂಡಿಗೆ ಹೊಂಗಿ, ನೇರಲ, ಅತ್ತಿಗಿಡ ಚಲೋ ಬರ್ತಾವ. ಗರಸಿನ ಮ್ಯಾಲೆ ಹೆಂಗೂ ಅರ್ಧ ಸಸಿ ಬ್ಯಾಸಗಿಗೆ ಒಣಗ್ತಾವ. ಬಿಡೂ ಜಾಗಾಕ್ಕ ಸುತ್ತಲೂ ಹತ್ತು ಮೀಟರ್ ಹೆಚ್ಚಿಗಿ ಬಿಡಸ್ರಿ, ಯಾಕಂದ್ರ ಬೇರು, ನೆರಳು, ಕಸ ಮೂರೂ ಗುರುತು ದಾಟಿ ಬರ್ತಾವ. ಮ್ಯಾಲಿನ ಎಕರೆ ಬಿಡಸೂದು ಅಂದ್ರ ಇಳಿಜಾರಿನ ತಲಿ ಬಿಟ್ಟಂಗ, ಮಣ್ಣು ಕೊಚ್ಚಿ ಬರೂ ಭಯಾನೂ ಇಲ್ಲ. ಆದ್ರ ಜೆಸಿಬಿ ದಾರಿ ಮೇಲಿನಿಂದ ಐತೇನು ಮೊದಲ ಕೇಳ್ರಿ. ಗುಂಡಿ ಬ್ಯಾರೆ ಕಡೆ ತೋಡಿದ್ರೂ ಗಾಲಿ ಗಿಡದ ಮ್ಯಾಲೆ ಹಾದ್ರ ಗರಸು ಗಟ್ಟಿಯಾಗಿ ಕಲ್ಲ ಆಗತೈತಿ.

—

ಗರಸು_ನೆಲ:

ಎಲ್ಲಾರಿಗೂ ಉಪಕಾರ ಆತ್ರಿ. ತುಟಿ ಮೂರು ಸೀಳು ಖರೆ, ಅಕ್ಕಪಕ್ಕದ್ದು ಬೀಸಣಿಗಿ ಆಕಾರನ ಐತಿ. ಎಲಿಗೆ ಮಡಿಕಿ ಇಲ್ಲ, ತೊಟ್ಟು ಇಲ್ಲ. ಜೆಸಿಬಿ ದಾರಿ ಹಳ್ಳದ ಕಡೆಯಿಂದ. ಗುಂಡಿ ಇನ್ನೂ ತೋಡಿಲ್ಲ, ಗುರುತು ಸರಿಸೂ ಮಾತಿಗೆ ಊರಾಗ ಒಪ್ಪಿಗಿ ಬರೂ ಹಂಗ ಐತಿ.

ದನಾ ಈಗ ದಿನಾ ಇಪ್ಪತ್ತು ಇಪ್ಪತ್ತೈದು ಬರ್ತಾವ, ಆಡು ಬ್ಯಾರೆ. ಮಾನವಮಿ ಮುಗದ ಮ್ಯಾಲೆ ಹುಲ್ಲು ಕೊಯ್ಯೂದು ಹರಾಜ ಹಾಕ್ತಾರ. ತಂತಿ ಬೇಲಿ ಹಾಕಿ ಪೂರ್ತಿ ಬಂದ್ ಮಾಡೋಣ ಅಂತ ಹುಡುಗರು ಅಂತಾರ.

—

ಹುಲ್ಲು_ಲೆಕ್ಕ:

ಬೇಲಿ ಹಾಕಿ ಕೈತೊಳೆದುಕೊಳ್ಳುವುದು ಈ ಗಿಡಕ್ಕೆ ಉಪಕಾರವಲ್ಲ. ಮೇಯಿಸದೆ ಕೊಯ್ಯದೆ ಎರಡು ಮೂರು ವರ್ಷ ಬಿಟ್ಟರೆ ಊಬಿನ ಹುಲ್ಲು ಮೊಣಕಾಲೆತ್ತರ ಬೆಳೆದು, ಹಳೆಯ ಒಣ ಹುಲ್ಲು ಬುಡದಲ್ಲೇ ಮೆತ್ತೆಯಾಗಿ ಕೂರುತ್ತದೆ. ನೆಲಮಟ್ಟದಲ್ಲಿ ಬೆಳಕು ಹೋಗುತ್ತದೆ. ಹಿಂದೆಯೇ ಲಂಟಾನ ಬರುತ್ತದೆ. ಒಂದೆಲೆ ಸೀತಾಳೆ ಇಷ್ಟು ದಿನ ಆ ಮಡ್ಡಿಯಲ್ಲಿ ಉಳಿದಿದ್ದೇ ದನ ಮೇದು, ಹುಲ್ಲು ಕೊಯ್ದು, ನೆಲ ಗಿಡ್ಡವಾಗಿ ಉಳಿದಿದ್ದರಿಂದ. ಎಷ್ಟು ದನ ಅನ್ನುವುದಕ್ಕಿಂತ ಯಾವ ತಿಂಗಳಲ್ಲಿ ಅನ್ನುವುದನ್ನು ನೋಡಿ.

ಮಳೆ ನಕ್ಷತ್ರದ ಲೆಕ್ಕದಲ್ಲೇ ಹೇಳುವುದಾದರೆ, ರೋಹಿಣಿ ಮಳೆಯ ಹೊತ್ತಿಗೆ, ಮೇ ಕೊನೆಗೆ, ಗೆಡ್ಡೆಯ ಮೊಳಕೆ ಮೇಲ್ಮಣ್ಣಿಗೆ ಬಂದಿರುತ್ತದೆ. ಹಸಿ ನೆಲದಲ್ಲಿ ಗೊರಸು ಹೂತರೆ ಮೊಳಕೆ ಮುರಿಯುತ್ತದೆ, ಮತ್ತೆ ಆ ವರ್ಷ ಬರುವುದಿಲ್ಲ. ಅಲ್ಲಿಂದ ಮಿರಗ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ ದಾಟಿ ಮಘಾ ಮಳೆ ಮುಗಿಯುವ ತನಕ, ಅಂದರೆ ಆಗಸ್ಟ್ ಕೊನೆಯವರೆಗೆ, ಆ ಒಂದು ಎಕರೆಗೆ ದನ ಬೇಡ. ಉಳಿದ ಐದು ಎಕರೆ ಮೇಯಿಸಲಿ. ತಂತಿಯ ಅಗತ್ಯವಿಲ್ಲ, ಕವಳಿ ಮುಳ್ಳಿನ ಬೇಲಿ ಮೂರು ತಿಂಗಳಿಗೆ ಸಾಕು, ಆಮೇಲೆ ತೆಗೆದುಬಿಡಿ. ಆಡು ಮಾತ್ರ ಮುಳ್ಳು ನುಸುಳಿ ಬರುತ್ತವೆ ಮತ್ತು ಹೂವಿನ ದಂಟನ್ನೇ ಹುಡುಕಿ ಚಿವುಟುತ್ತವೆ. ಕಾಯುವವರಿಗೆ ಜಾಗ ತೋರಿಸಿ ಹೇಳಿಡಬೇಕು.

ಹುಲ್ಲು ಕೊಯ್ಯುವ ತಾರೀಖು ಕಾಯಿ ನೋಡಿ ನಿರ್ಧರಿಸಿ, ಕ್ಯಾಲೆಂಡರ್ ನೋಡಿ ಅಲ್ಲ. ಹೂ ಬಿದ್ದ ಒಂದೆರಡು ತಿಂಗಳಲ್ಲಿ ಕಾಯಿ ಕಂದಾಗಿ, ಉದ್ದುದ್ದ ಸೀಳು ಬಿಟ್ಟು, ಧೂಳಿನಂಥ ಬೀಜ ಗಾಳಿಗೆ ಹಾರುತ್ತದೆ. ದಂಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ: ಬಿಳಿ ಪುಡಿ ಹಾರಿದರೆ ಅರ್ಧ ಕೆಲಸ ಮುಗಿಯಿತು, ಎಲೆಯೂ ಹಳದಿಯಾಗಿದ್ದರೆ ಗೆಡ್ಡೆ ತುಂಬಿ ಪೂರ್ತಿ ಮುಗಿಯಿತು. ಮಾನವಮಿಯ ಹೊತ್ತಿಗೆ ಸಾಮಾನ್ಯವಾಗಿ ಎರಡೂ ಆಗಿರುತ್ತವೆ, ಹಾಗಾಗಿ ನಿಮ್ಮೂರ ಹರಾಜಿನ ಪದ್ಧತಿ ಚೆನ್ನಾಗಿಯೇ ಇದೆ. ಹುಲ್ಲನ್ನು ಕುಡುಗೋಲಿನಿಂದ ನೆಲದಿಂದ ನಾಲ್ಕು ಬೆರಳು ಬಿಟ್ಟು ಕೊಯ್ಯಲಿ. ಕೊಯ್ದದ್ದನ್ನು ಅಲ್ಲೇ ಬಣವೆ ಒಟ್ಟಬಾರದು. ಬಣವೆ ಕುಂತ ಜಾಗದಲ್ಲಿ ಮುಂದಿನ ವರ್ಷ ಕಾಂಗ್ರೆಸ್ ಕಸವೇ ಮೊದಲು ಏಳುತ್ತದೆ.

ಬೆಂಕಿಯ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಸಿಗೆಯ ಹುಲ್ಲಿನ ಬೆಂಕಿ ಓಡಿ ಹೋಗುತ್ತದೆ, ಮಲಗಿದ ಗೆಡ್ಡೆಗೆ ಕಾವು ಅಷ್ಟಾಗಿ ಇಳಿಯುವುದಿಲ್ಲ, ನಿಜ. ಆದರೂ ಹಚ್ಚಬೇಡಿ. ನೆಲದಲ್ಲಿ ಗೂಡು ಕಟ್ಟುವ ಹಕ್ಕಿ, ಹಾವು, ಹುಳು ಎಲ್ಲ ಸುಡುತ್ತವೆ. ಅಡ್ಡ ಮಳೆ ಬಿದ್ದ ಮೇಲೆ ಹಚ್ಚಿದರೆ ಮೇಲೆದ್ದ ಮೊಳಕೆಯೂ ಬೇಯುತ್ತದೆ. ಕಿತ್ತ ಲಂಟಾನ ಅಲ್ಲೇ ಗುಡ್ಡೆ ಹಾಕಿ ಸುಡುವುದಂತೂ ಕೂಡದು, ಕಟ್ಟಿಗೆಯ ಬೆಂಕಿ ನಿಂತು ಉರಿದು ಮಣ್ಣನ್ನೇ ಇಟ್ಟಿಗೆ ಮಾಡುತ್ತದೆ.

ಯೂರಿಯಾ, ಡಿಎಪಿ ಒಂದು ಮುಷ್ಟಿಯೂ ಬೇಡ. ಬಡ ಗರಸಿನಲ್ಲಿ ಬೇರೆ ಹುಲ್ಲು ಸೊಕ್ಕಿ ಬೆಳೆಯದ್ದರಿಂದಲೇ ಇಂಥ ಗಿಡಕ್ಕೆ ತೆರಪು ಸಿಕ್ಕಿದೆ. ಪಕ್ಕದ ಗೋವಿನಜೋಳದ ಹೊಲದಿಂದ ಗೊಬ್ಬರದ ನೀರು ಹರಿದು ಬರುತ್ತಿದ್ದರೆ ಬದು ಕಟ್ಟಿ ತಿರುಗಿಸಿ. ಕಳೆನಾಶಕ ಗಾಳಿಯ ದಿನ ಹೊಡೆದರೆ ಮಂಜು ಇಲ್ಲಿಗೂ ಬರುತ್ತದೆ.

—

ಕಪ್ಪತ_ಸೆರಗು:

ಗದಗ ಕಡೆಯವರು ಇದನ್ನು ಓದಿ ಒಂದೆಲೆ ಹುಡುಕಿಕೊಂಡು ಹೊರಟರೆ ನಿರಾಶೆಯಾಗಬಹುದು, ಅದಕ್ಕೆ ಬರೆಯುತ್ತಿದ್ದೇನೆ. ಧಾರವಾಡದ ಪಶ್ಚಿಮಕ್ಕೆ ಹೋದಷ್ಟೂ ಮಳೆ ಹೆಚ್ಚು, ಗರಸು ಮಡ್ಡಿ ಹೆಚ್ಚು. ಪೂರ್ವಕ್ಕೆ ನವಲಗುಂದ, ನರಗುಂದ, ಗದಗಿನ ಎರಿ (ಕಪ್ಪು ಮಣ್ಣಿನ) ನೆಲ ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬಿ ಅಂಟಾಗುತ್ತದೆ, ಮೇಲಾಗಿ ಹೆಚ್ಚುಕಡಿಮೆ ಎಲ್ಲವೂ ಉಳುಮೆ ಕಂಡ ನೆಲ. ಮಣ್ಣು ಹೀಗೆ ಅಲುಗುವ ಕಡೆ ಸಣ್ಣ ಗೆಡ್ಡೆಯ ನೆಲಸೀತಾಳೆಗೆ ನೆಲೆ ಕಷ್ಟ.

ಒಣ ಸೀಮೆಯ ಕುರುಚಲು ಗುಡ್ಡಗಳಲ್ಲಿ ನೋಡಬೇಕಾದದ್ದು ಹಬೆನೇರಿಯಾ ರಾಕ್ಸ್‌ಬರ್ಗಿ. ಮೂರರಿಂದ ಐದು ದಪ್ಪ ಎಲೆಗಳು ನೆಲಕ್ಕೆ ಒತ್ತಿ ವೃತ್ತಾಕಾರ ಹರಡುತ್ತವೆ, ನಡುವಿನಿಂದ ಎದ್ದ ದಂಟಿಗೆ ಬಿಳಿ ಹೂ ಒತ್ತೊತ್ತಾಗಿ ಬರುತ್ತವೆ, ಪರಿಮಳವೂ ಇದೆ. ಹೂವಿನ ಕಾಲ ಮಳೆಗಾಲದ ಉತ್ತರಾರ್ಧ. ಹುಡುಕಬೇಕಾದದ್ದು ಕವಳಿ ಕಂಟಿಗಳ ಬುಡದ ಅರೆನೆರಳಲ್ಲಿ. ಮುಳ್ಳು ಕಂಟಿ ದನದ ಬಾಯಿ ತಡೆಯುತ್ತದೆ, ಉದುರಿದ ಎಲೆ ತೇವ ಹಿಡಿಯುತ್ತದೆ. ಆದ್ದರಿಂದ "ಕಂಟಿ ಸ್ವಚ್ಛ" ಮಾಡುವ ಉತ್ಸಾಹ ಇಂಥ ಗುಡ್ಡದಲ್ಲಿ ಬೇಡ. ಲಂಟಾನ ಕೀಳಿ, ಕವಳಿ ಬಿಡಿ. ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮ, ಅಲ್ಲಿ ಎಲೆಯನ್ನೂ ಕೀಳುವಂತಿಲ್ಲ, ಒಳಗೆ ಹೋಗುವುದಕ್ಕೂ ಅರಣ್ಯ ಇಲಾಖೆಯ ಒಪ್ಪಿಗೆ ಪಡೆದೇ ಹೋಗಬೇಕು.

ಗೆಡ್ಡೆ ಔಷಧಕ್ಕೆ ಅಂತ ಯಾರಾದರೂ ಕೇಳಿಕೊಂಡು ಬಂದರೆ ಜಾಗ ಹೇಳಬೇಡಿ. ಒಂದು ಮುಷ್ಟಿ ಗೆಡ್ಡೆ ಅಂದರೆ ಅಷ್ಟೂ ಗಿಡ ಸತ್ತಂತೆ, ಯಾಕಂದರೆ ಒಂದು ಗಿಡಕ್ಕೆ ನಾಳೆಗೆ ಉಳಿಯುವುದು ಒಂದೇ ಗೆಡ್ಡೆ. ಆರ್ಕಿಡ್ ಕುಟುಂಬದ ಕೆಲವು ಜಾತಿಗಳು ಸೈಟಿಸ್ (ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ಮೊದಲನೇ ಪಟ್ಟಿಯಲ್ಲಿವೆ, ಉಳಿದವೆಲ್ಲ ಎರಡನೇ ಪಟ್ಟಿಯಲ್ಲಿವೆ, ಪರವಾನಗಿ ಇಲ್ಲದೆ ದೇಶದ ಹೊರಗೆ ಕಳಿಸುವಂತಿಲ್ಲ. ನಿಮ್ಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರುತ್ತದೆ, 2002ರ ಜೀವವೈವಿಧ್ಯ ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿದೆ. ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಈ ಗಿಡದ ಹೆಸರು, ನೆಲದ ಬಗೆ, ಹೂವಿನ ತಿಂಗಳು ಬರೆಸಿ. ಮುಂದೆ ಮತ್ತೆ ಯಾರಾದರೂ ಸುಣ್ಣದ ಗುರುತು ಹಾಕಲು ಬಂದಾಗ ತೋರಿಸಲು ಒಂದು ಕಾಗದ ಇರುತ್ತದೆ.

—

ಎಲೆ_ದಂಟು_ಹೂ:

ಗುರುತು ಮಾಡುವ ಬಗೆ ಹೇಳುವುದು ಬಾಕಿ ಇತ್ತು. ಬಿದಿರು ಕಡ್ಡಿಗೆ ಬಣ್ಣದ ಬಟ್ಟೆ ಕಟ್ಟಿ ನೆಡಬೇಡಿ. ದನ ಕೀಳುತ್ತವೆ, ಮತ್ತು ಗೆಡ್ಡೆ ಅಗೆಯುವವರಿಗೆ ಅದೇ ದಾರಿ ತೋರಿಸುತ್ತದೆ. ಅಲುಗಾಡದ ದೊಡ್ಡ ಕಲ್ಲೊಂದನ್ನು ಆಧಾರ ಮಾಡಿಕೊಳ್ಳಿ. ಅಲ್ಲಿಂದ 50 ಮೀಟರ್ ನೈಲಾನ್ ಹಗ್ಗವನ್ನು ಇಳಿಜಾರಿಗೆ ಅಡ್ಡವಾಗಿ ಎಳೆದು ಐದೈದು ಮೀಟರಿಗೆ ಗಂಟು ಹಾಕಿ. ಅರ್ಧ ಇಂಚಿನ ಪಿವಿಸಿ ಪೈಪಿನ ಒಂದು ಮೀಟರಿನ ನಾಲ್ಕು ತುಂಡು, ನಾಲ್ಕು ಎಲ್ಬೋ ಸೇರಿಸಿದರೆ ಚೌಕ ತಯಾರು. ಪ್ರತಿ ಗಂಟಿನ ಹತ್ತಿರ ಚೌಕ ಇಟ್ಟು ಎಲೆ ಎಷ್ಟು, ಹೂದಂಟು ಎಷ್ಟು, ಕಾಯಿ ಎಷ್ಟು ಅಂತ ಮೂರು ಸಾಲು ಬರೆದುಕೊಳ್ಳಿ. ಚೌಕ ಇಡುವ ಮುಂಚೆ ಕಾಲಿಡುವ ಜಾಗ ನೋಡಿಕೊಳ್ಳಿ. ಎಣಿಸಲು ಬಂದವರ ಚಪ್ಪಲಿಗೇ ನಾಲ್ಕಾರು ಎಲೆ ಸಿಕ್ಕುವುದು ಸಾಮಾನ್ಯ. ಆರಿದ್ರಾ ಕೊನೆಗೊಮ್ಮೆ, ಪುಷ್ಯಕ್ಕೊಮ್ಮೆ, ಮಘಾ ಹೊತ್ತಿಗೊಮ್ಮೆ, ವರ್ಷಕ್ಕೆ ಮೂರು ಸಲ ಸಾಕು.

ಮೂರನೇ ಸಲದ ಕಾಯಿ ಲೆಕ್ಕ ತಪ್ಪಿಸಬೇಡಿ. ಹೂ ಚೆನ್ನಾಗಿ ಬಂದು ಕಾಯಿಯೇ ಕಟ್ಟದಿದ್ದರೆ ಗಿಡದ ದೋಷವಲ್ಲ, ಅತಿಥಿ ಬಂದಿಲ್ಲ ಅಂತ. ಬಿಳಿ ಹೂ, ಉದ್ದ ಕೊಳವೆ, ಕೊಳವೆಯ ತುದಿಯಲ್ಲಿ ಮಕರಂದ: ಇದು ಉದ್ದ ಹೀರುನಾಲಿಗೆಯ ಪತಂಗಗಳಿಗೆ ಒಪ್ಪುವ ಹೂ. ಕೊಳವೆಯ ಬಾಯಿಯ ಎರಡೂ ಮಗ್ಗುಲಲ್ಲಿ ಪರಾಗದ ಗಂಟು ಒಂದೊಂದು ಇರುತ್ತದೆ, ಅದರ ಬುಡದಲ್ಲಿ ಅಂಟಿನ ಬಿಲ್ಲೆ. ಪತಂಗ ತಲೆ ತೂರಿಸಿದಾಗ ಬಿಲ್ಲೆ ಅದಕ್ಕೆ ಅಂಟಿ, ಗಂಟು ಸಮೇತ ಹೊರಬರುತ್ತದೆ. ಒಣ ಹುಲ್ಲುಕಡ್ಡಿಯ ತುದಿಯನ್ನು ಮೆಲ್ಲಗೆ ಅಲ್ಲಿ ಮುಟ್ಟಿಸಿ ಎಳೆದರೆ ಹಳದಿ ಗಂಟು ಕಡ್ಡಿಗೆ ಅಂಟಿ ಬರುವುದನ್ನು ಬರಿಗಣ್ಣಿನಲ್ಲೇ ಕಾಣಬಹುದು. ಒಂದೇ ಹೂವಿನಲ್ಲಿ ನೋಡಿ ಸಾಕು ಮಾಡಿ, ಮತ್ತು ಆ ಗಂಟನ್ನು ವ್ಯರ್ಥ ಮಾಡದೆ ಇನ್ನೊಂದು ಗಿಡದ ಹೂವಿನ ಕೊಳವೆ ಬಾಯಿಯ ಮುಂದೆ ಚಾಚಿರುವ ಅಂಟು ಭಾಗಕ್ಕೆ ಒತ್ತಿಬಿಡಿ. ಎರಡು ವಾರದಲ್ಲಿ ಹೂ ಬಾಡಿ ಅಂಡಾಶಯ ದಪ್ಪಗಾಗಿ ಗೆರೆಗಳು ಎದ್ದರೆ ಕಾಯಿ ಹಿಡಿದಿದೆ. ಹಳದಿಯಾಗಿ ಉದುರಿದರೆ ಇಲ್ಲ. ಗಾಯರಾಣದ ಹತ್ತಿರ ಹೊಸದಾಗಿ ಪ್ರಖರ ಎಲ್ಇಡಿ ದೀಪದ ಕಂಬ ಬಂದಿದ್ದರೆ ಪತಂಗಗಳೆಲ್ಲ ಅಲ್ಲೇ ಸುತ್ತುತ್ತಿರುತ್ತವೆ. ಹೂವಿನ ಮೂರು ವಾರವಾದರೂ ಅದನ್ನು ನೆಲದ ಕಡೆಗೆ ಮುಚ್ಚಳ ಹಾಕಿ ತಿರುಗಿಸಲು ಕೇಳಿ.

ಫೋಟೊ ತೆಗೆಯುವಾಗ ಬಿಳಿ ಹೂ ಮೊಬೈಲಿನಲ್ಲಿ ಬರೀ ಬೆಳಕಿನ ಚುಕ್ಕೆಯಾಗುತ್ತದೆ. ಹೂವಿನ ಮೇಲೆ ಬೆರಳೊತ್ತಿ ಬೆಳಕನ್ನು ಕೆಳಗಿಳಿಸಿ. ಎದುರಿನಿಂದ ಒಂದು, ಕೊಳವೆ ಪೂರ್ತಿ ಕಾಣುವಂತೆ ಮಗ್ಗುಲಿನಿಂದ ಒಂದು, ಎಲೆಯ ಪಕ್ಕ ಐದು ರೂಪಾಯಿ ನಾಣ್ಯ ಇಟ್ಟು ಮೇಲಿನಿಂದ ಒಂದು, ಸುತ್ತಲಿನ ನೆಲ ಕಾಣುವಂತೆ ಒಂದು. ಐನ್ಯಾಚುರಲಿಸ್ಟ್‌ಗೆ (ಗಿಡ, ಪ್ರಾಣಿಗಳ ಫೋಟೊ ದಾಖಲಿಸುವ ಜಾಲತಾಣ) ಹಾಕುವುದಾದರೆ ಸ್ಥಳದ ಆಯ್ಕೆಯಲ್ಲಿ ಅಬ್ಸ್ಕ್ಯೂರ್ಡ್ ಒತ್ತಿ, ಆಗ ನಿಖರ ಜಾಗ ಹೊರಗಿನವರಿಗೆ ಕಾಣುವುದಿಲ್ಲ. ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದ ಫೋಟೊದೊಳಗೆ ಜಿಪಿಎಸ್ ಹಾಗೇ ಉಳಿದಿರುತ್ತದೆ, ಗುಂಪಿಗೆ ಹಾಕುವ ಮುಂಚೆ ನೆನಪಿಡಿ. ನೀವು ಇಲ್ಲಿ ಊರಿನ ಹೆಸರು ಬರೆಯದಿದ್ದದ್ದು ಒಳ್ಳೆಯದಾಯಿತು.

—

ಗರಸು_ನೆಲ:

ಹತ್ತು ಮೀಟರ್ ಹೆಚ್ಚಿಗಿ ಸೇರಿಸಿ ಹಗ್ಗ ಎಳದು ನೋಡಿದ್ರ, ಬಾಳಷ್ಟು ಗುಂಡಿ ಸರಿಸಬೇಕಾಗತೈತಿ. ಹಳ್ಳದ ದಂಡಿಗೆ ಅಷ್ಟು ಜಾಗಾ ಐತಿ. ಮುಳ್ಳಿನ ಬೇಲಿ ಈ ವಾರದಾಗ ಹಾಕ್ತಾರ, ಆಡು ಕಾಯೂ ಇಬ್ಬರಿಗೂ ಜಾಗಾ ತೋರಿಸಿದ್ದು ಆತು. ಒಂದ ಸಂಶಯ: ಸುಣ್ಣದ ಗುರುತು ಹಾಕಿದ್ರಲ್ಲ, ಆರೇಳು ಕಡೆ ಸುಣ್ಣ ಎಲಿ ಹತ್ತಿರನ ಬಿದ್ದೈತಿ. ಏನರ ಮಾಡಬೇಕೇನ್ರಿ?

—

ಬೇರು_ಬೂಷ್ಟು:

ಗರಸು ಮಣ್ಣು ಸಾಮಾನ್ಯವಾಗಿ ಹುಳಿ ಗುಣದ್ದು, ಸುಣ್ಣ ಅದಕ್ಕೆ ಎದುರು. ಚಿಟಿಕೆಯಷ್ಟಾದರೆ ಮಳೆಯೇ ನೋಡಿಕೊಳ್ಳುತ್ತದೆ. ಮುದ್ದೆಯಾಗಿ ಬಿದ್ದಿದ್ದರೆ ನೀರು ಹಾಕಿ ಕರಗಿಸಬೇಡಿ, ಬೇರಿಗೇ ಇಳಿಯುತ್ತದೆ. ಮಳೆ ಬಿಟ್ಟ ಹೊತ್ತಿನಲ್ಲಿ ಚಮಚದಿಂದ ಮೇಲಿನ ಅರ್ಧ ಇಂಚು ಮಣ್ಣು ಸಮೇತ ಕೆರೆದು ತೆಗೆಯಿರಿ, ಎಲೆಯಿಂದ ನಾಲ್ಕು ಬೆರಳು ದೂರದವರೆಗೆ ಮಾತ್ರ. ಅದಕ್ಕಿಂತ ಹತ್ತಿರದ್ದನ್ನು ಮುಟ್ಟಬೇಡಿ. ಕೆರೆದ ಜಾಗಕ್ಕೆ ಪಕ್ಕದ ಒಣ ಗರಸನ್ನೇ ಒಂದು ಹಿಡಿ ಉದುರಿಸಿ.